ಮೂಲೆಯ ದರ್ಶಿನಿಯ ಕಾಫಿ ಮತ್ತು ಅದರ ಮೂವರು ನೆರೆಯವರು

ಬೆಂಗಳೂರಿನ ದಕ್ಷಿಣ ಭಾಗದಲ್ಲಿರುವ ನಮ್ಮ ಬಡಾವಣೆಯ ಬಸ್ ನಿಲ್ದಾಣದಿಂದ ಪಾರ್ಕಿನವರೆಗಿನ ಅರ್ಧ ಕಿಲೋಮೀಟರ್ ರಸ್ತೆಯಲ್ಲಿ ಈಗ ನಾಲ್ಕು ದರ್ಶಿನಿಗಳಿವೆ. ಅವುಗಳಲ್ಲಿ ಮೂಲೆಯ ಹೋಟೆಲಿಗೆ ನಾನು ಹನ್ನೊಂದು ವರ್ಷಗಳಿಂದ ವಾರಕ್ಕೆ ನಾಲ್ಕೈದು ಬಾರಿ ಹೋಗುತ್ತಿದ್ದೇನೆ. ಅದರ ಬಗ್ಗೆ ಬರೆಯಲು ಕುಳಿತರೆ ಉಳಿದ ಮೂರನ್ನು ಬಿಟ್ಟು ಬರೆಯಲು ಆಗುವುದಿಲ್ಲ. ಅಲ್ಲಿನ ಕಾಫಿಯ ಬೆಲೆಯನ್ನು ನಿರ್ಧರಿಸಿದವರು ಅದರ ಮಾಲೀಕರೊಬ್ಬರೇ ಅಲ್ಲ.

ಮೊದಲು ರುಚಿಯ ಮಾತು. ಬೆಳಿಗ್ಗೆ ಆರೂವರೆಗೆ ಇಳಿಯುವ ಮೊದಲ ಇಡ್ಲಿ ಹಗುರವಾಗಿರುತ್ತದೆ, ಮುರಿದರೆ ಹಬೆ ಏಳುತ್ತದೆ. ಚಟ್ನಿಯಲ್ಲಿ ಹುರಿಗಡಲೆಗಿಂತ ಕಾಯಿಯೇ ಮುಂದು. ಖಾರಾಬಾತ್ ತಿನ್ನುವವರು ಎಂಟರೊಳಗೆ ಹೋಗಬೇಕು, ಆಮೇಲೆ ಅದು ಗಟ್ಟಿಯಾಗುತ್ತದೆ. ಆದರೆ ಈ ಹೋಟೆಲಿನ ಜೀವ ಇರುವುದು ಕಾಫಿಯಲ್ಲಿ. ಮಾಸ್ಟರ್ ಡಿಕಾಕ್ಷನ್ನನ್ನು ಕಣ್ಣಳತೆಯಲ್ಲಿ ಸುರಿಯುವುದಿಲ್ಲ. ಪುಟ್ಟ ಸ್ಟೀಲ್ ಅಳತೆಯಲ್ಲಿ ತೆಗೆದು ಲೋಟಕ್ಕೆ ಹಾಕಿ, ಕುದಿಯುವ ಹಾಲನ್ನು ಮೇಲಿನಿಂದ ಇಳಿಸುತ್ತಾರೆ. ಹನ್ನೊಂದು ವರ್ಷಗಳಲ್ಲಿ ಆ ಅಳತೆ ಬದಲಾದದ್ದನ್ನು ನಾನು ಕಂಡಿಲ್ಲ.

1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಅವರ ಯೋಜನೆಯಂತೆ ಕೆಫೆ ದರ್ಶಿನಿ ಆರಂಭವಾದಾಗ ಹುಟ್ಟಿದ ಈ ಮಾದರಿಯಲ್ಲಿ ಗುಟ್ಟೇನೂ ಇರಲಿಲ್ಲ. ನಿಂತು ತಿನ್ನುವುದು, ಟೋಕನ್ ಕೊಟ್ಟು ತಾವೇ ತಂದುಕೊಳ್ಳುವುದು, ಕಣ್ಣೆದುರಿಗೇ ಅಡುಗೆಮನೆ: ಎಲ್ಲವೂ ಬಯಲಿನಲ್ಲಿತ್ತು. ನೋಡಿದವರು ಕಲಿತರು, ಕಲಿತವರು ತಾವೂ ತೆರೆದರು. ನಮ್ಮ ರಸ್ತೆಯಲ್ಲಿ ನಡೆದದ್ದೂ ಅದೇ. ಮೊದಲು ಎರಡೇ ದರ್ಶಿನಿಗಳಿದ್ದಾಗ ಭಾನುವಾರ ಬೆಳಿಗ್ಗೆ ಸಾಲು ಫುಟ್‌ಪಾತ್ ದಾಟುತ್ತಿತ್ತು. ಆ ಸಾಲನ್ನು ಕಂಡೇ ಮೂರನೆಯದು, ನಾಲ್ಕನೆಯದು ಬಂದವು. ಸಾಲು ಚಿಕ್ಕದಾಯಿತು, ಬೆಲೆ ಬಹುಕಾಲ ಮೇಲೇಳಲಿಲ್ಲ. ನಡುವೆ ಒಬ್ಬರು ಕುರ್ಚಿ ಹಾಕಿಸದೆ, ರುಚಿಯನ್ನೂ ಹೆಚ್ಚಿಸದೆ ಇಡ್ಲಿಗೆ ಹತ್ತು ರೂಪಾಯಿ ಏರಿಸಿ ನೋಡಿದರು. ಎಂಟು ತಿಂಗಳಿಗೆ ಬಾಗಿಲು ಹಾಕಿದರು, ಅದೇ ಜಾಗಕ್ಕೆ ಮತ್ತೊಬ್ಬರು ಬಂದರು.

ಮೂಲೆಯ ಮಾಲೀಕರು ಒಮ್ಮೆ ಗಲ್ಲಾದ ಬಳಿ ನಿಂತು ತಮ್ಮ ಲೆಕ್ಕ ಬಿಡಿಸಿ ಹೇಳಿದರು. ಬಾಡಿಗೆ, ಸಂಬಳ, ದಿನಸಿ, ಗ್ಯಾಸು ಕಳೆದು ಕೈಗೆ ಉಳಿಯುವುದು, ಅವರು ಬೇರೆಡೆ ಮುಖ್ಯ ಅಡುಗೆಯವರಾಗಿ ದುಡಿದಿದ್ದರೆ ಸಿಗುತ್ತಿದ್ದ ಸಂಬಳ ಮತ್ತು ಕಟ್ಟಿದ ಅಡ್ವಾನ್ಸಿನ ಬಡ್ಡಿ, ಹೆಚ್ಚುಕಡಿಮೆ ಅಷ್ಟೇ. ಪಿಯುಸಿ ಅರ್ಥಶಾಸ್ತ್ರದಲ್ಲಿ ‘ಸಾಮಾನ್ಯ ಲಾಭ’ ಎಂದು ಓದಿದ್ದು ನನಗೆ ನಿಜವಾಗಿ ಅರ್ಥವಾದದ್ದು ಆ ದಿನ. ಮೂಲೆಯ ಜಾಗಕ್ಕೆ ಹೆಚ್ಚು ಗಿರಾಕಿಗಳು ಬರುವುದು ನಿಜ. ಆದರೆ ಕರಾರು ನವೀಕರಿಸುವಾಗ ಆ ಹೆಚ್ಚುವರಿಯನ್ನು ಕಟ್ಟಡದ ಮಾಲೀಕರು ಬಾಡಿಗೆಯಲ್ಲಿ ಎಣಿಸಿಕೊಂಡರಂತೆ.

ಮಧ್ಯಾಹ್ನ ಮೂರಕ್ಕೆ ಹೋದವರು ದೋಸೆ ಇಲ್ಲವೆಂದು ಬೇಸರಿಸುವುದನ್ನು ಕಂಡಿದ್ದೇನೆ. ಆ ಹೊತ್ತಿನಲ್ಲಿ ಬಾಡಿಗೆ ಮತ್ತು ಸಂಬಳ ಹೇಗೂ ನಡೆಯುತ್ತಿರುತ್ತವೆ, ಮತ್ತೊಂದು ಕಾಫಿಗೆ ತಗಲುವುದು ಹಾಲು, ಪುಡಿ, ಒಂದಿಷ್ಟು ಉರಿ ಮಾತ್ರ. ಆದ್ದರಿಂದ ಕಾಫಿ ಸಿಗುತ್ತದೆ. ಇಬ್ಬರು ಗಿರಾಕಿಗಳಿಗಾಗಿ ದೊಡ್ಡ ಕಾವಲಿಯನ್ನು ಒಂದೂವರೆ ಗಂಟೆ ಕಾಯಿಸಿಡುವ ಗ್ಯಾಸಿನ ಖರ್ಚು ಮಾತ್ರ ಆ ಎರಡು ದೋಸೆಗಳಿಂದ ಹುಟ್ಟುವುದಿಲ್ಲ. ನಾಲ್ಕೂವರೆಯ ನಂತರ ಹೋದರೆ ಬಿಸಿ ದೋಸೆ ಖಂಡಿತ.

ಈ ಹೋಟೆಲನ್ನು ನಾನು ಅಳೆದದ್ದು ಕಷ್ಟದ ಕಾಲದಲ್ಲಿ. ವಿಯೆಟ್ನಾಂ ಮತ್ತು ಬ್ರೆಜಿಲ್‌ನಲ್ಲಿ ಮಳೆ ಕೈಕೊಟ್ಟು ಕಾಫಿ ಬೀಜದ ಬೆಲೆ ವಿಪರೀತ ಏರಿತು. ಅದರ ಹಿಂದೆಯೇ 2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಹೆಚ್ಚಾಯಿತು. ಮೂಲೆಯವರೇ ಮೊದಲು ಕಾಫಿಯನ್ನು 15ರಿಂದ 20 ರೂಪಾಯಿಗೆ ಏರಿಸಿದರು, ಕೆಲವು ದಿನ ಗಿರಾಕಿಗಳನ್ನು ಕಳೆದುಕೊಂಡರು. ಎರಡು ವಾರದೊಳಗೆ ಇನ್ನಿಬ್ಬರೂ 20ಕ್ಕೆ ಬಂದರು. ನಾಲ್ಕನೆಯವರು 15ರಲ್ಲೇ ನಿಂತರು. ಅಲ್ಲಿನ ಕಾಫಿಯನ್ನು ಒಂದು ದಿನ ಮೂಲೆಯ ಹೋಟೆಲಿನ ಖಾಲಿ ಲೋಟಕ್ಕೆ ಸುರಿದು ನೋಡಿದೆ: ಮುಕ್ಕಾಲಿಗೆ ಸ್ವಲ್ಪ ಮೇಲೆ ನಿಂತಿತು, ಚಿಕೋರಿಯ ಕಹಿ ಬೇರೆ. ಅಂದರೆ ಏರಿಕೆ ಅಲ್ಲಿಯೂ ಆಗಿತ್ತು, ಬೋರ್ಡಿನ ಮೇಲೆ ಕಾಣಿಸಿರಲಿಲ್ಲ ಅಷ್ಟೆ. ಲೋಟವನ್ನು ಕಿರಿದು ಮಾಡದೆ ಬೆಲೆಯನ್ನು ಬರೆದು ಹೇಳಿದ ಮೂಲೆಯವರ ಬಗ್ಗೆ ನನಗೆ ಗೌರವವಿದೆ.

ಕೊರತೆಗಳೂ ಇವೆ. ಸಂಜೆಯ ಸಾಂಬಾರು ತೆಳ್ಳಗಾಗುತ್ತದೆ. ವಯಸ್ಸಾದವರು ಕೂರಲು ಎರಡೇ ಸ್ಟೂಲುಗಳಿವೆ. ಗೋಡೆಗೆ ಒಂದು ಕಲ್ಲುಬೆಂಚು ಹಾಕಿಸಲು ಜಾಗವಿದೆ, ಹಾಕಿಸಬೇಕು.

ಕಳೆದ ವಾರ ಎದುರಿಗೆ ಖಾಲಿಯಾದ ಔಷಧಿ ಅಂಗಡಿಗೆ ಸ್ಟೀಲ್ ಕೌಂಟರ್ ಇಳಿಸುತ್ತಿದ್ದರು. ಐದನೆಯದು ಬರುತ್ತಿದೆಯಲ್ಲ ಎಂದು ಕೇಳಿದ್ದಕ್ಕೆ ಮಾಲೀಕರು, “ಬರ್ಲಿ ಸಾರ್, ನಾನೂ ಪಕ್ಕದವರ ಕ್ಯೂ ನೋಡೇ ಬಂದಿದ್ದು” ಎಂದು ಟೋಕನ್ ಹರಿದುಕೊಟ್ಟರು.