ಬ್ಯಾಟರಿಗೆ ಎಂಟು ವರ್ಷ, ಚಕ್ರ ಹಿಡಿದ ತೋಳಿಗೆ ನಾಲ್ಕೇ ವರ್ಷ: ಟೆಸ್ಲಾ ಕಾರಿನ ವಾರಂಟಿ ಮುಗಿದ ಮೇಲೆ

ಟೆಸ್ಲಾ ಕಾರುಗಳ ವಿಮರ್ಶೆಗಳು ಸಾಮಾನ್ಯವಾಗಿ ಮೂರು ವಿಷಯಗಳ ಸುತ್ತ ನಿಲ್ಲುತ್ತವೆ: ಒಮ್ಮೆ ಚಾರ್ಜ್ ಮಾಡಿದರೆ ಎಷ್ಟು ದೂರ ಓಡುತ್ತದೆ, ಎಷ್ಟು ಸೆಕೆಂಡಿನಲ್ಲಿ ನೂರರ ವೇಗ ಮುಟ್ಟುತ್ತದೆ, ನಡುವಿನ ದೊಡ್ಡ ಪರದೆ ಏನೇನು ಮಾಡುತ್ತದೆ. ಈ ಮೂರರಲ್ಲೂ ಕಾರು ನಿಜಕ್ಕೂ ಒಳ್ಳೆಯದು, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಕೊಂಡವರು ಆ ಕಾರನ್ನು ಐದನೆಯ, ಆರನೆಯ ವರ್ಷಕ್ಕೂ ಓಡಿಸುತ್ತಾರೆ. ಆ ಹೊತ್ತಿಗೆ ಸಸ್ಪೆನ್ಷನ್ನಿನ ಒಂದು ಲೋಹದ ತೋಳು ಮುರಿದರೆ ಖರ್ಚು ಯಾರ ಮೇಲೆ ಬೀಳುತ್ತದೆ ಎಂಬುದನ್ನು ಹೇಳುವ ವಿಮರ್ಶೆಗಳು ಕಡಿಮೆ. ಕ್ಯಾಲಿಫೋರ್ನಿಯಾ, ಟೆಕ್ಸಾಸ್‌ಗಳಲ್ಲಿರುವ ಕನ್ನಡಿಗರು ಈಗ ಹಳೆಯ ಮಾಡೆಲ್ 3, ಮಾಡೆಲ್ ಎಸ್‌ಗಳನ್ನು ಸೆಕೆಂಡ್ ಹ್ಯಾಂಡ್ ಆಗಿಯೂ ಕೊಳ್ಳುತ್ತಿದ್ದಾರೆ. ಇತ್ತ 2021ರಲ್ಲಿ ಬೆಂಗಳೂರಿನ ವಿಳಾಸದಲ್ಲಿ ನೋಂದಣಿಯಾಗಿದ್ದ ಕಂಪನಿ 2025ರ ಜುಲೈನಲ್ಲಿ ಮುಂಬೈಯಲ್ಲಿ ಮೊದಲ ಮಳಿಗೆ ತೆರೆದು, ಮಾಡೆಲ್ ವೈ ಕಾರನ್ನು ಆಗ ಸುಮಾರು 60 ಲಕ್ಷ ರೂಪಾಯಿಯಿಂದ ಮಾರತೊಡಗಿತು. ಅಷ್ಟು ಹಣ ಹಾಕುವವರಿಗೆ ವಾರಂಟಿ ಪುಸ್ತಕದ ಒಳಪುಟಗಳೂ ಗೊತ್ತಿರಬೇಕು.

ಅಮೆರಿಕದಲ್ಲಿ ಟೆಸ್ಲಾ ಕೊಡುವ ವಾರಂಟಿ ಎರಡು ಭಾಗಗಳಲ್ಲಿದೆ. ಬ್ಯಾಟರಿ ಮತ್ತು ಮೋಟಾರು ಘಟಕಕ್ಕೆ ಎಂಟು ವರ್ಷ. ಮಾಡೆಲ್ಲಿಗೆ ತಕ್ಕಂತೆ 1,00,000ದಿಂದ 1,50,000 ಮೈಲಿಯ ಮಿತಿ. ಉಳಿದ ಬಹುತೇಕ ಭಾಗಗಳಿಗೆ ನಾಲ್ಕು ವರ್ಷ ಅಥವಾ 50,000 ಮೈಲಿ, ಅಂದರೆ ಸುಮಾರು 80,000 ಕಿಲೋಮೀಟರ್, ಯಾವುದು ಮೊದಲೋ ಅದು. ಮಾರಾಟದ ಮಾತುಕತೆಯಲ್ಲಿ ಕೇಳಿಬರುವುದು ಮೊದಲನೆಯದು, ಏಕೆಂದರೆ ಕೊಳ್ಳುವವರ ಭಯವೆಲ್ಲ ಬ್ಯಾಟರಿಯ ಮೇಲೇ ಇರುತ್ತದೆ. ಚಕ್ರವನ್ನು ಹಿಡಿದಿಡುವ ಲೋಹದ ತೋಳುಗಳಾದ ಕಂಟ್ರೋಲ್ ಆರ್ಮ್ ಮತ್ತು ಲಿಂಕ್, ಅವುಗಳ ತುದಿಯ ಕೀಲಾದ ಬಾಲ್ ಜಾಯಿಂಟ್‌ಗಳು ಎರಡನೆಯ ಭಾಗಕ್ಕೆ ಸೇರುತ್ತವೆ. ದಿನಕ್ಕೆ ಐವತ್ತು ಮೈಲಿ ಓಡಿಸುವ ಉದ್ಯೋಗಿಗೆ ಮೂರು ವರ್ಷ ತುಂಬುವ ಮೊದಲೇ ಆ ರಕ್ಷಣೆ ಮುಗಿದುಹೋಗುತ್ತದೆ.

ಈ ತೋಳುಗಳ ಕೆಲಸವನ್ನು ಸ್ವಲ್ಪ ವಿವರಿಸಬೇಕು. ಎತ್ತಿನ ಗಾಡಿಯ ಚಕ್ರಕ್ಕೆ ಕಡಾಣಿ ಹೇಗೋ ಹಾಗೆ, ಕಾರಿನ ಚಕ್ರವನ್ನು ಅದರ ಸ್ಥಾನದಲ್ಲಿ ಉಳಿಸುವುದು ಈ ತೋಳುಗಳೇ. ಬ್ರೇಕ್ ಒತ್ತಿದಾಗ, ಗುಂಡಿಗೆ ಇಳಿದಾಗ, ತಿರುವಿನಲ್ಲಿ ಭಾರ ಒಂದೇ ಬದಿಗೆ ಬಿದ್ದಾಗ ಹೊಡೆತ ಇವುಗಳ ಮೂಲಕವೂ ಕಾರಿನ ಚೌಕಟ್ಟಿಗೆ ಹೋಗುತ್ತದೆ. ಬ್ಯಾಟರಿಯ ಭಾರದಿಂದ ಮಾಡೆಲ್ ಎಸ್ ಎರಡು ಟನ್ನಿಗೂ ಹೆಚ್ಚು ತೂಗುತ್ತದೆ; ಪೆಡಲ್ ಒತ್ತಿದ ಕ್ಷಣವೇ ಮೋಟಾರಿನ ಪೂರ್ತಿ ಎಳೆತ ಚಕ್ರಕ್ಕೆ ಸಿಗುತ್ತದೆ. ಆದ್ದರಿಂದ ತೋಳಿನ ಮೇಲಿನ ಒತ್ತಡ ಹೆಚ್ಚೇ. ಮಾಡೆಲ್ 3 ಮತ್ತು ವೈಗಳ ಮುಂಭಾಗದ ಮೇಲಿನ ಕಂಟ್ರೋಲ್ ಆರ್ಮ್‌ನಲ್ಲಿ ಬಾಲ್ ಜಾಯಿಂಟ್‌ನೊಳಗೆ ನೀರು ಸೇರಿ, ಗ್ರೀಸ್ ಹಾಳಾಗಿ, ಹಂಪ್ ಹತ್ತಿಳಿಯುವಾಗ ಕಿರುಗುಟ್ಟುವ ಸದ್ದು ಬರುವುದನ್ನು ಮಾಲೀಕರೂ ಗ್ಯಾರೇಜಿನವರೂ ಚೆನ್ನಾಗಿ ಬಲ್ಲರು. ಆ ಹಂತದಲ್ಲೇ ತೋಳು ಬದಲಿಸಿದರೆ ಖರ್ಚು ತಡೆದುಕೊಳ್ಳುವಷ್ಟೇ. ಕಾರು ಓಡುತ್ತಿರುವಾಗಲೇ ತೋಳು ಮುರಿದರೆ ಮಾತ್ರ ಚಕ್ರ ಮಡಚಿ, ಫೆಂಡರು, ಟೈರು, ಡ್ರೈವ್ ಶಾಫ್ಟ್ ಎಲ್ಲವನ್ನೂ ಎಳೆದುಕೊಂಡು ಹೋಗುತ್ತದೆ. ದೊಡ್ಡ ಬಿಲ್ಲು ಹುಟ್ಟುವುದು ಅಲ್ಲಿ.

ವಾರಂಟಿಯ ಆಚೆ ಏನಾಗುತ್ತದೆ ಎಂಬುದಕ್ಕೆ 2016ರಲ್ಲಿ ಬೆಳಕಿಗೆ ಬಂದ ಪೆನ್ಸಿಲ್ವೇನಿಯಾದ ಪ್ರಕರಣ ಹಳೆಯದಾದರೂ ಗಮನಿಸಬೇಕಾದದ್ದು. ಸುಮಾರು 70,000 ಮೈಲಿ ಓಡಿದ್ದ 2013ರ ಮಾಡೆಲ್ ಎಸ್ ಒಂದರ ಮುಂಭಾಗದ ಬಾಲ್ ಜಾಯಿಂಟ್ ಕೈಕೊಟ್ಟಿತು. ದುರಸ್ತಿಗೆ ಸುಮಾರು 3,100 ಡಾಲರ್. ಅರ್ಧ ಖರ್ಚನ್ನು ತಾನು ವಹಿಸುವುದಾಗಿ ಕಂಪನಿ ಒಪ್ಪಿತು, ಆದರೆ ಅದಕ್ಕೆ ಬದಲಾಗಿ ವಿಷಯವನ್ನು ಗುಟ್ಟಾಗಿಡುವ ಷರತ್ತುಳ್ಳ ‘ಗುಡ್‌ವಿಲ್’ ಒಪ್ಪಂದಕ್ಕೆ ಮಾಲೀಕರ ಸಹಿ ಕೇಳಿತು. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆಯಾದ ಎನ್‌ಎಚ್‌ಟಿಎಸ್‌ಎ ಇದನ್ನು ಆಕ್ಷೇಪಿಸಿ, ಸುರಕ್ಷತೆಯ ದೂರನ್ನು ತನಗೆ ಕೊಡಬಾರದೆಂಬ ಅರ್ಥ ಬರುವ ಯಾವ ಮಾತೂ ಒಪ್ಪತಕ್ಕದ್ದಲ್ಲ ಎಂದಿತು. ತನಗೆ ಆ ಉದ್ದೇಶವಿರಲಿಲ್ಲ, ಆ ಕಾರು ಅಸಹಜವಾಗಿ ತುಕ್ಕು ಹಿಡಿದಿತ್ತು, ಉದ್ದನೆಯ ಮಣ್ಣು ರಸ್ತೆಯಲ್ಲಿ ಓಡುತ್ತಿತ್ತು ಎಂಬುದು ಕಂಪನಿಯ ಉತ್ತರ. ಆಗ ಸಂಸ್ಥೆ ದೋಷವೆಂದು ತೀರ್ಮಾನಿಸಲಿಲ್ಲ ಎಂಬುದನ್ನೂ ಹೇಳಬೇಕು. ಆದರೂ ಮಣ್ಣು ರಸ್ತೆಯಲ್ಲಿ ಓಡಿಸಿದ್ದನ್ನೇ ಕಾರಣವಾಗಿ ಮುಂದಿಟ್ಟದ್ದು ಹಳ್ಳಿಯ ಮನೆಗೆ ಹೋಗಿಬರುವ ಯಾವ ಮಾಲೀಕರಿಗೂ ಒಪ್ಪಿಗೆಯಾಗದು.

ಮುಂದಿನ ವರ್ಷದ, ಅಂದರೆ 2017ರ ಫೆಬ್ರುವರಿಯ, ದಾಖಲೆಯೊಂದು ಇನ್ನೂ ಮುಖ್ಯವಾದದ್ದು. ತಯಾರಿಕೆಯಲ್ಲಿನ ಸ್ಥಿತಿಯೊಂದರಿಂದ ಮುಂಭಾಗದ ಸಸ್ಪೆನ್ಷನ್ನಿನ ‘ಫೋರ್ ಲಿಂಕ್’ (fore link) ಎಂಬ ಲೋಹದ ತೋಳು ಮುರಿಯಬಹುದು ಎಂದು ಟೆಸ್ಲಾ ತನ್ನ ಸರ್ವಿಸ್ ಸೆಂಟರ್‌ಗಳಿಗೆ ಸೂಚನಾಪತ್ರ ಕಳಿಸಿತ್ತು. 2020ರ ನವೆಂಬರಿನಲ್ಲಿ ಎನ್‌ಎಚ್‌ಟಿಎಸ್‌ಎ 2015–17ರ ಮಾಡೆಲ್ ಎಸ್ ಮತ್ತು 2016–17ರ ಮಾಡೆಲ್ ಎಕ್ಸ್ ಸೇರಿ ಸುಮಾರು 1,15,000 ಕಾರುಗಳ ಬಗ್ಗೆ ಪ್ರಾಥಮಿಕ ತನಿಖೆ ಆರಂಭಿಸಿದಾಗ ಆ ಪತ್ರವನ್ನೇ ಉಲ್ಲೇಖಿಸಿತು. ಸಂಸ್ಥೆಯ ಮುಂದಿದ್ದ 43 ದೂರುಗಳಲ್ಲಿ ಹೆಚ್ಚಿನವು ಪಾರ್ಕಿಂಗ್ ಮಾಡುವಾಗ ಕಡಿಮೆ ವೇಗದಲ್ಲಿ ಲಿಂಕ್ ಮುರಿದ ಪ್ರಕರಣಗಳು. ನಾಲ್ಕು ಮಾತ್ರ ಹೆದ್ದಾರಿ ವೇಗದಲ್ಲಿ ಸಂಭವಿಸಿದವು. ಆ ನಾಲ್ಕೇ ಸಾಕು ಎಂಬುದು ನನ್ನ ಅಭಿಪ್ರಾಯ.

ಅದಕ್ಕೆ ಒಂದು ತಿಂಗಳ ಹಿಂದೆ, 2020ರ ಅಕ್ಟೋಬರಿನಲ್ಲಿ, ಚೀನಾದ ಮಾರುಕಟ್ಟೆ ನಿಯಂತ್ರಣ ಸಂಸ್ಥೆಯ ಮೂಲಕ ಸುಮಾರು 30,000 ಮಾಡೆಲ್ ಎಸ್, ಎಕ್ಸ್ ಕಾರುಗಳು ಸಸ್ಪೆನ್ಷನ್ ದೋಷಕ್ಕಾಗಿ ರೀಕಾಲ್ ಆದವು, ಅಂದರೆ ದೋಷ ಸರಿಪಡಿಸಲು ಕಂಪನಿ ಅವನ್ನು ವಾಪಸ್ ಕರೆಸಬೇಕಾಯಿತು. ಅಲ್ಲಿನ ಮಾಲೀಕರಿಗೆ ಹೊಸ ಲಿಂಕ್‌ಗಳು ಉಚಿತ. ಅದೇ ಸಮಯದಲ್ಲಿ ಅಮೆರಿಕದ ಸಂಸ್ಥೆಗೆ ಬರೆದ ಪತ್ರದಲ್ಲಿ ಕಂಪನಿ, ಭಾಗದಲ್ಲಿ ದೋಷವಿದೆಯೆಂಬುದನ್ನು ಒಪ್ಪದೆ, ಚೀನಾದ ಚಾಲಕರ ದುರ್ಬಳಕೆಯೇ ಕಾರಣವೆಂದು ವಾದಿಸಿ, ಅಮೆರಿಕದಲ್ಲಿ ರೀಕಾಲ್ ಅಗತ್ಯವಿಲ್ಲವೆಂದಿತು. ಚೀನಾದಲ್ಲಿ ಬದಲಿಸಿಕೊಡಬೇಕಾದ ಭಾಗವನ್ನು ವಾರಂಟಿ ಮುಗಿದ ಕ್ಯಾಲಿಫೋರ್ನಿಯಾದ ಮಾಲೀಕರು ತಮ್ಮ ಹಣದಲ್ಲಿ ಹಾಕಿಸಿಕೊಳ್ಳಬೇಕಾಯಿತು. ಈ ಇಡೀ ವಿಷಯದಲ್ಲಿ ನನಗೆ ಅತ್ಯಂತ ಅನ್ಯಾಯವೆನಿಸುವುದು ಇದೇ.

ರಾಯಿಟರ್ಸ್ ಸುದ್ದಿಸಂಸ್ಥೆ 2023ರ ಡಿಸೆಂಬರಿನಲ್ಲಿ ಕಂಪನಿಯ ಸಾವಿರಾರು ಆಂತರಿಕ ದಾಖಲೆಗಳನ್ನು ಪರಿಶೀಲಿಸಿ ಪ್ರಕಟಿಸಿದ ತನಿಖಾ ವರದಿಯ ಸಾರವೂ ಇದೇ ದಿಕ್ಕಿನದು: ಬೇಗ ಮುರಿಯುತ್ತವೆಂದು ಕಂಪನಿಯ ಎಂಜಿನಿಯರುಗಳಿಗೆ ವರ್ಷಗಳಿಂದ ಗೊತ್ತಿದ್ದ ಸಸ್ಪೆನ್ಷನ್ ಮತ್ತು ಸ್ಟಿಯರಿಂಗ್ ಭಾಗಗಳ ವೈಫಲ್ಯಕ್ಕೆ ಚಾಲಕರನ್ನೇ ಹೊಣೆ ಮಾಡಲಾಗುತ್ತಿತ್ತು. ಆ ವರದಿಯಲ್ಲಿನ ಒಂದು ಕಾರು ಇಂಗ್ಲೆಂಡಿನದು. ಕೈಗೆ ಬಂದು ಒಂದು ದಿನವೂ ಕಳೆದಿರದ, 115 ಮೈಲಿಯಷ್ಟೇ ಓಡಿದ್ದ ಹೊಸ ಮಾಡೆಲ್ ವೈ, ಕುಟುಂಬ ಒಳಗಿರುವಾಗಲೇ ಮುಂಭಾಗದ ಬಲಗಡೆಯ ಸಸ್ಪೆನ್ಷನ್ ಕುಸಿದು ನಿಂತಿತು. ಹೊರಗಿನ ಹೊಡೆತದಿಂದ ಆದ ಹಾನಿಯೆಂದು ಹೇಳಿ ವಾರಂಟಿ ನಿರಾಕರಿಸಲಾಯಿತು. ದುರಸ್ತಿಯ ಅಂದಾಜು ಸುಮಾರು 14,000 ಡಾಲರ್. ಅಂದರೆ ವಾರಂಟಿಯ ಹೊರಗೆ ಬೀಳಲು ನಾಲ್ಕು ವರ್ಷ ಕಾಯಬೇಕಾಗಿಯೂ ಇಲ್ಲ, ‘ಹೊರಗಿನ ಹೊಡೆತ’ ಎಂಬ ಎರಡು ಪದಗಳು ಕಾಗದದ ಮೇಲೆ ಬಂದರೆ ಮೊದಲ ದಿನವೇ ಹೊರಗೆ ಬೀಳಬಹುದು. ವರದಿಯ ನಂತರ ಅಮೆರಿಕದ ಸೆನೆಟರುಗಳಾದ ರಿಚರ್ಡ್ ಬ್ಲೂಮೆಂಥಾಲ್ ಮತ್ತು ಎಡ್ ಮಾರ್ಕಿ ಈ ಭಾಗಗಳನ್ನು ರೀಕಾಲ್ ಮಾಡಬೇಕೆಂದು ಕಂಪನಿಗೆ ಪತ್ರ ಬರೆದರು.

ರೀಕಾಲ್ ಎಂಬುದಕ್ಕೆ ಇಷ್ಟೇಕೆ ಮಹತ್ವ ಎಂದರೆ, ಅಮೆರಿಕದ ಕಾನೂನಿನಲ್ಲಿ ಸುರಕ್ಷತಾ ರೀಕಾಲಿನ ದುರಸ್ತಿ, ಕಾರು ಮೊದಲು ಮಾರಾಟವಾದಾಗಿನಿಂದ 15 ವರ್ಷಗಳವರೆಗೆ ಉಚಿತವಾಗಿರಬೇಕು. ಒಂದು ಲಿಂಕ್ ಮುರಿಯುವುದನ್ನು ಸವೆತವೆಂದು ಕರೆದರೆ ಕಂಪನಿಯ ಹೊಣೆ ನಾಲ್ಕು ವರ್ಷ, ಸುರಕ್ಷತೆಯ ದೋಷವೆಂದು ಕರೆದರೆ ಹದಿನೈದು. ಬ್ರೇಕ್ ಪ್ಯಾಡು, ಟೈರು, ವೈಪರುಗಳು ಸವೆಯಲೆಂದೇ ಮಾಡಿದ ವಸ್ತುಗಳು, ಅವುಗಳ ಖರ್ಚು ಮಾಲೀಕರದ್ದೇ. ಮುರಿದರೆ ಚಕ್ರವೇ ಕಳಚುವ ಲೋಹದ ತೋಳನ್ನು ಅವುಗಳ ಸಾಲಿಗೆ ಸೇರಿಸುವುದನ್ನು ನಾನು ಒಪ್ಪುವುದಿಲ್ಲ.

ಗುಂಡಿಗೆ ಜೋರಾಗಿ ಇಳಿಸಿದರೆ, ಫುಟ್‌ಪಾತಿನ ಅಂಚಿಗೆ ಬಡಿದರೆ ಯಾವ ಕಂಪನಿಯ ಕಾರಿನ ತೋಳಾದರೂ ಬಾಗುತ್ತದೆ, ಅದು ನಿಜ. ಆದರೆ ಇದು ಎಲ್ಲ ವಿದ್ಯುತ್ ಕಾರುಗಳ ಹಣೆಬರಹವೆಂದು ಹೇಳಲಾಗದು. ಜರ್ಮನಿಯ ಕಡ್ಡಾಯ ತಪಾಸಣೆಗಳನ್ನು ಆಧರಿಸಿದ ಟ್ಯೂಫ್ ವರದಿಯ 2024ರ ಆವೃತ್ತಿಯಲ್ಲಿ, ಎರಡರಿಂದ ಮೂರು ವರ್ಷ ಹಳೆಯ ಕಾರುಗಳ ಪೈಕಿ ಮಾಡೆಲ್ 3 ಕೊನೆಯ ಸ್ಥಾನದಲ್ಲಿತ್ತು, ಶೇ 14.7ರಷ್ಟು ಕಾರುಗಳಲ್ಲಿ ಗಂಭೀರ ದೋಷಗಳು ಕಂಡವು, ಆಕ್ಸಲ್ ಸಸ್ಪೆನ್ಷನ್ ಅವುಗಳಲ್ಲೊಂದು. ಅದೇ ಪಟ್ಟಿಯಲ್ಲಿ ರೆನೋ ಜೋಯಿಯ ಪ್ರಮಾಣ ಶೇ 5.7, ಫೋಕ್ಸ್‌ವ್ಯಾಗನ್ ಇ-ಗಾಲ್ಫ್‌ನದು ಶೇ 2.6. ಈ ಎರಡೂ ಬ್ಯಾಟರಿ ಕಾರುಗಳೇ, ಹಾಗಾಗಿ ಬ್ಯಾಟರಿಯ ಭಾರವೊಂದರ ಮೇಲೇ ತಪ್ಪು ಹೊರಿಸುವಂತಿಲ್ಲ. ಟೆಸ್ಲಾ ತನ್ನ ಕಾರುಗಳಿಗೆ ಕಡ್ಡಾಯವಾದ ವಾರ್ಷಿಕ ಸರ್ವಿಸ್ ವಿಧಿಸುವುದಿಲ್ಲ. ಕೊಳ್ಳುವಾಗ ಇದು ಉಳಿತಾಯವಾಗಿ ಕಾಣುತ್ತದೆ. ಆದರೆ ಕಾರನ್ನು ಲಿಫ್ಟ್ ಮೇಲೆ ಎತ್ತಿ ಬಾಲ್ ಜಾಯಿಂಟ್ ಅಲ್ಲಾಡಿಸಿ ನೋಡುವ ಮೆಕ್ಯಾನಿಕ್ಕಿನ ಕೈಯೂ ಅದರೊಂದಿಗೆ ತಪ್ಪಿಹೋಗುತ್ತದೆ.

ಆದ್ದರಿಂದ ಹಳೆಯ ಟೆಸ್ಲಾ ಕೊಳ್ಳಲು ಹೊರಟವರು ಬ್ಯಾಟರಿಯ ಆರೋಗ್ಯವನ್ನಷ್ಟೇ ಕೇಳಿ ಸುಮ್ಮನಾಗಬಾರದು. ಮುಂಭಾಗದ ತೋಳು ಮತ್ತು ಲಿಂಕ್‌ಗಳನ್ನು ಯಾವಾಗ ಬದಲಿಸಲಾಗಿದೆ ಎಂಬುದರ ಬಿಲ್ಲು ನೋಡಬೇಕು, ಕಂಪನಿಗೆ ಸಂಬಂಧವಿಲ್ಲದ ಗ್ಯಾರೇಜಿನಲ್ಲಿ ಕಾರನ್ನು ಎತ್ತಿಸಿ ಪರೀಕ್ಷಿಸಬೇಕು, ಟೈರಿನ ಒಳ ಅಂಚು ಏರುಪೇರಾಗಿ ಸವೆದಿದ್ದರೆ ಬೆಲೆಯ ಮಾತನ್ನು ಅಲ್ಲಿಗೇ ನಿಲ್ಲಿಸಬೇಕು. ವಾರಂಟಿ ಮುಗಿಯಲು ಕೆಲವು ತಿಂಗಳಿರುವ ಮಾಲೀಕರು ಸಣ್ಣ ಕಿರುಗುಟ್ಟುವಿಕೆಯನ್ನೂ ಬರಹದಲ್ಲಿ ದಾಖಲಿಸಿ, ಸರ್ವಿಸ್ ಸೆಂಟರಿನ ಉತ್ತರವನ್ನು ಬರಹದಲ್ಲೇ ಪಡೆದಿಟ್ಟುಕೊಳ್ಳುವುದು ಮೇಲು.

ನಮ್ಮಲ್ಲಿ ಹೊಸದಾಗಿ ಕೊಳ್ಳುವವರಿಗೆ ಇನ್ನೊಂದು ಮಾತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯವಿದ್ದರೂ, ಅದರಡಿ ‘ಹಾನಿ’ ಎಂದರೆ ಆ ವಸ್ತುವಿಗೇ ಆದ ನಷ್ಟ ಸೇರುವುದಿಲ್ಲ. ಮುರಿದ ತೋಳಿನ ಬಿಲ್ಲಿಗೆ ಅಲ್ಲಿ ಜಾಗವಿಲ್ಲ. ದೋಷಯುಕ್ತ ಸರಕು ಎಂದು ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು, ಅದಕ್ಕೆ ಎರಡು ವರ್ಷದ ಕಾಲಮಿತಿ ಇದೆ. ಹೆಚ್ಚು ಬಲವಿರುವುದು 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 110ಎ ಕಲಮಿಗೆ. ಕೇಂದ್ರ ಸರ್ಕಾರ ಅದರಡಿ ರೀಕಾಲಿಗೆ ಆದೇಶಿಸಬಹುದು, 2021ರ ನಿಯಮಗಳ ಪ್ರಕಾರ ಏಳು ವರ್ಷದೊಳಗಿನ ವಾಹನಗಳಿಗೆ ಅದು ಅನ್ವಯಿಸುತ್ತದೆ. ಆ ಆದೇಶ ಹೊರಡುವ ದಾರಿಗಳಲ್ಲಿ ಒಂದು, ನಿಗದಿತ ಪ್ರಮಾಣದ ಮಾಲೀಕರು ಸರ್ಕಾರದ ವಾಹನ್ ಪೋರ್ಟಲಿನಲ್ಲಿ ದೂರು ದಾಖಲಿಸುವುದು. ಹಾಗಾಗಿ ತೋಳು ಮುರಿದವರು ಬಿಲ್ಲು ಕಟ್ಟಿ ಮನೆಗೆ ಹೋಗುವ ಮೊದಲು, ಮುರಿದ ಭಾಗವನ್ನು ಸರ್ವಿಸ್ ಸೆಂಟರಿನಿಂದ ಕೇಳಿ ಪಡೆದು, ಅದರ ಫೋಟೊ ತೆಗೆದು, ಆ ದೂರನ್ನು ದಾಖಲಿಸಲೇಬೇಕು.