ಸಪ್ಪೆ ಚಿಕ್ಕಪ್ಪ ಮತ್ತು ಒಂದು ಡಬ್ಬಿ ಇಂಗ್ಲಿಷ್ ಕಾರ್ಡು

ನಾವು ಇರುವುದು ತೈವಾನಿನ ಶಿಂಚು ಊರಿನಲ್ಲಿ. ಯಜಮಾನರಿಗೆ ಚಿಪ್ ಕಂಪನಿಯಲ್ಲಿ ಕೆಲಸ. ಸಂಜೆ ಹೊತ್ತು ನಾನು ಪಕ್ಕದ ಮನೆಯ ಹೈಸ್ಕೂಲ್ ಹುಡುಗಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಅವಳಿಗೆಂದೇ ಈ ಕಾರ್ಡಿನ ಡಬ್ಬಿ ತಂದೆ. 300 ಕಾರ್ಡು, 450 ತೈವಾನ್ ಡಾಲರ್. ಒಂದು ಕಡೆ ಇಂಗ್ಲಿಷ್ ಪದ, ತಿರುಗಿಸಿದರೆ ಚೀನಿ ಅರ್ಥ ಮತ್ತು ಒಂದು ವಾಕ್ಯ.

ಪೆದ್ದರನ್ನು ಬಣ್ಣಿಸುವ ಪದಗಳಿಗೆ ಹಳದಿ ಕಾರ್ಡು. ಅವು ಓದಲು ಮಜವಾಗಿವೆ. ‘ಸ್ಟುಪಿಡ್’ಗೆ ಕೊಟ್ಟಿರುವ ‘ಛುನ್’ ಅಕ್ಷರದಲ್ಲಿ ಮೇಲೆ ವಸಂತ, ಕೆಳಗೆ ಎರಡು ಹುಳು! ಮೊದಲು ಅದು ಹುಳು ಮಿಸುಕಾಡುವುದಕ್ಕೆ ಇದ್ದ ಪದವಂತೆ. ‘ಸಿಲ್ಲಿ’ಗೆ ‘ಶಾ’. ಅದನ್ನು ಮಕ್ಕಳಿಗೆ ಮುದ್ದಿನಿಂದಲೂ ಅನ್ನಬಹುದು, ನಾವು ‘ಪೆದ್ದಿ’ ಅನ್ನುವ ಹಾಗೆ.

ಎಡವಟ್ಟಾಗಿದ್ದು ‘ವ್ಯಾಪಿಡ್’ ಕಾರ್ಡಿನಲ್ಲಿ. ಅರ್ಥ ‘ಫಾವೇಯ್’ ಅಂತ ಒಂದೇ ಪದ. ಫಾ ಅಂದರೆ ಕೊರತೆ, ವೇಯ್ ಅಂದರೆ ರುಚಿ. ನಮ್ಮ ‘ಸಪ್ಪೆ’ಯೇ ಅಲ್ವಾ ಎಂದು ನಾನೂ ಖುಷಿಪಟ್ಟೆ. ಮಾರನೆಯ ದಿನ ಹುಡುಗಿ ಬರೆದುಕೊಂಡು ಬಂದಳು: ‘ನನ್ನ ಚಿಕ್ಕಪ್ಪ ವ್ಯಾಪಿಡ್.’

ಅವಳ ಚಿಕ್ಕಪ್ಪನನ್ನು ನಾನು ಬಲ್ಲೆ. ಸ್ಕೂಟರ್ ರಿಪೇರಿ ಮಾಡುತ್ತಾರೆ. ಮಾತು ಕಡಿಮೆ. ಸಿಕ್ಕಾಗಲೆಲ್ಲ ‘ಹೊಟ್ಟೆ ತುಂಬಾ ಉಂಡಿರಾ?’ ಎಂದಷ್ಟೇ ಕೇಳುತ್ತಾರೆ. ನಮ್ಮ ‘ಊಟ ಆಯ್ತಾ’ ಇದ್ದ ಹಾಗೆ. ಸಪ್ಪೆ ಮನುಷ್ಯ ಅನ್ನಿ, ಒಪ್ಪುತ್ತೇನೆ. ವ್ಯಾಪಿಡ್ ಮಾತ್ರ ಅಲ್ಲ. ಆ ಪದ ಲ್ಯಾಟಿನ್‌ನಿಂದ ಬಂದಿದ್ದು. ಅಲ್ಲಿ ಕಸುವು ಹೋದ ವೈನಿಗೆ ಹಾಗೆ ಅನ್ನುತ್ತಿದ್ದರು. ಮನುಷ್ಯರಿಗೆ ಅಂದಾಗ ತಲೆಯಲ್ಲಿ ಏನೂ ಇಲ್ಲ, ಆಳವಿಲ್ಲ ಎಂದೇ ಅರ್ಥ. ಅಂಥವರು ಬಾಯಿಮುಚ್ಚಿ ಕೂರಬೇಕೆಂದೇನಿಲ್ಲ, ಗಂಟೆಗಟ್ಟಲೆ ಹರಟಬಹುದು.

ಮುಚ್ಚಳ ತೆಗೆದಿಟ್ಟು ಗ್ಯಾಸ್ ಹೋದ ಸೋಡಾ ಕುಡಿಸಿ ತೋರಿಸಿದೆ. ಅವಳು ಮುಖ ಕಿವುಚಿ, ‘ಓ, ಫುಛ್ಯೆನ್!’ ಎಂದಳು. ಫು ಅಂದರೆ ಚರ್ಮ, ಛ್ಯೆನ್ ಅಂದರೆ ಆಳವಿಲ್ಲದ್ದು. ಚರ್ಮದಷ್ಟೇ ಆಳ! ಜನರ ವಿಷಯಕ್ಕೆ ಇದು ಎಷ್ಟೋ ಹತ್ತಿರ. ಕಾರ್ಡಿನವರು ಇದನ್ನೂ ಸೇರಿಸಬೇಕಿತ್ತು. ಅವರ ಉದಾಹರಣೆ ವಾಕ್ಯ ಒಂದು ಭಾಷಣದ ಬಗ್ಗೆ ಇದೆ. ಭಾಷಣಕ್ಕೆ ‘ಫಾವೇಯ್’ ಸರಿಹೋಗುತ್ತದೆ, ಹಾಗಾಗಿ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ.

ಉಚ್ಚಾರಣೆ ಬರೆದಿದ್ದಾರೆ, ಆದರೆ ‘ವ’ಕ್ಕೆ ಹಲ್ಲು ತುಟಿಗೆ ತಾಗಿಸಬೇಕೆಂದು ಹೇಳಿಲ್ಲ. ಅವಳು ‘ವ್ಯಾಪಿಡ್’ ಅನ್ನುವಾಗ ತುಟಿ ಗುಂಡಗಾಗುತ್ತದೆ. ನನ್ನದೂ ಅಷ್ಟೇನು ಚೆನ್ನಾಗಿಲ್ಲ ಬಿಡಿ, ತುಮಕೂರಿನ ‘ವ’ ಅದು.

ಐದಕ್ಕೆ ಮೂರೂವರೆ ಕೊಡುತ್ತೇನೆ. ಒಬ್ಬರೇ ಕೂತು ಕಲಿಯುವವರಿಗೆ ಬೇಡ, ಹೇಳಿಕೊಡುವವರು ಪಕ್ಕದಲ್ಲಿದ್ದರೆ ತಗೊಳ್ಳಿ. ಇನ್ನೊಂದು ವಿಷಯ, ಕಾರ್ಡಿನ ಮೇಲೆ ಪ್ಲಾಸ್ಟಿಕ್ ಪೊರೆ ಇದೆ, ಪೆನ್ಸಿಲ್ ಹಿಡಿಯುವುದಿಲ್ಲ. ‘ಫುಛ್ಯೆನ್’ ಬರೆಯಲು ನಾನು ಮಾರ್ಕರ್ ಕೊಳ್ಳಬೇಕಾಯಿತು.