ಮನೇಲಿ ಮರ ಕಡೆಯೋಕೆ ಯಾವ ಲೇತ್? ಮೂರರಲ್ಲೂ ಕೆಲಸ ಮಾಡಿದ್ಮೇಲೆ ನನ್ನ ಲೆಕ್ಕ

ಮೊದ್ಲೇ ಹೇಳ್ಬಿಡ್ತೀನಿ, ನನ್ನ ಓಟು ಬೆಂಚ್ ಮೇಲೆ ಇಟ್ಕೊಳ್ಳೋ ಸಣ್ಣ ಕಾಸ್ಟ್ ಐರನ್ ಲೇತಿಗೆ. ಅದನ್ನ ತಗೊಂಡು ಹದಿನಾಲ್ಕು ತಿಂಗಳಾಯ್ತು, ಇವತ್ತಿಗೂ ಶೆಡ್ಡಿಗೆ ಹೋಗಿ ಅದರ ಮೇಲಿನ ಹೊಟ್ಟು ಒರೆಸೋವಾಗ ಖುಷಿಯಾಗುತ್ತೆ. ಆದ್ರೆ ನಾನು ಮೊದ್ಲು ದುಡ್ಡು ಸುರಿದಿದ್ದು ಅದಕ್ಕಲ್ಲ, ಇಲ್ಲೇ ಹಾಸನದ ಒಂದು ಫ್ಯಾಬ್ರಿಕೇಷನ್ ಶಾಪಲ್ಲಿ ಕಬ್ಬಿಣದ ಚಾನಲ್ ವೆಲ್ಡ್ ಮಾಡಿಸಿ ಕಟ್ಟಿಸ್ಕೊಂಡ ದೊಡ್ಡ ಲೇತಿಗೆ. ಅದಕ್ಕೂ ಮುಂಚೆ ಸಕಲೇಶಪುರದ ನಮ್ಮ ಭಾವ ಆನ್‌ಲೈನಲ್ಲಿ ತರಿಸಿದ್ದ ಪೈಪ್ ಬೆಡ್ಡಿನ (ಬೆಡ್ ಅಂದ್ರೆ ಲೇತಿನ ಉದ್ದದ ತಳ) ಹಗುರ ಲೇತಲ್ಲಿ ನಾಲ್ಕೈದು ತಿಂಗಳು ವಾರವಾರ ಹೋಗಿ ಕೈ ಪಳಗಿಸ್ಕೊಂಡಿದ್ದೆ. ಹಾಗಾಗಿ ಮೂರರ ಗುಣಾನೂ ಗೊತ್ತು.

ನಾನು ಏನು ಕಡೀತೀನಿ ಅಂತ ಹೇಳ್ದೆ ಯಾವ್ದು ಒಳ್ಳೇದು ಅಂದ್ರೆ ಅರ್ಥ ಇಲ್ಲ. ಅಮ್ಮನಿಗೆ ಕಡಗೋಲು, ಲಟ್ಟಣಿಗೆ, ಅಣ್ಣನ ಮಕ್ಕಳಿಗೆ ಬುಗುರಿ, ಇದು ಶುರು. ಈಗ ಮುಕ್ಕಾಲು ಭಾಗ ಬಟ್ಟಲು, ಬೋಗುಣಿ ಥರದ್ದು, ಹಲಸು, ಸಿಲ್ವರ್ ಓಕ್, ಮತ್ತೆ ಭಾವನ ತೋಟದಲ್ಲಿ ಹಳೇ ಗಿಡ ಕಿತ್ತಾಗ ಸಿಗೋ ಕಾಫಿ ಬುಡ. ಕಾಫಿ ಬುಡ ಸಣ್ಣದು, ಗಟ್ಟಿ, ಒಣಗೋವಾಗ ಸಿಕ್ಕಾಪಟ್ಟೆ ಸೀಳುತ್ತೆ, ಆದ್ರೂ ಅದರ ನಯ ಬೇರೆ ಯಾವ ಮರದಲ್ಲೂ ನಂಗೆ ಸಿಕ್ಕಿಲ್ಲ. ಸಿಲ್ವರ್ ಓಕನ್ನ ಸರಿಯಾದ ಕಡೆಯಿಂದ ಸೀಳಿಸಿ ಕಡೆದ್ರೆ ಬಲೆ ಹೆಣೆದ ಹಾಗೆ ಚುಕ್ಕಿ ಚುಕ್ಕಿ ಏಳುತ್ತೆ, ಅದನ್ನ ಬರೀ ಸೌದೆ ಅಂತ ಒಲೆಗೆ ಹಾಕೋದು ನೋಡಿದ್ರೆ ಸಂಕಟ ಆಗುತ್ತೆ.

ಭಾವನ ಹಗುರ ಲೇತ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಹದಿನೇಳು ಸಾವಿರ ಚಿಲ್ಲರೆಗೆ ಬಂದಿತ್ತು, ಒಬ್ರೇ ಎತ್ತಿ ಜೀಪಿಗೆ ಹಾಕ್ಬೋದು, ಉದ್ದ ಹೆಚ್ಚುಕಡಿಮೆ ಒಂದು ಮೀಟರ್ ಸಿಗುತ್ತೆ, ಕಡಗೋಲಿಗೆ, ಬುಗುರಿಗೆ ಸಾಕು. ಆದ್ರೆ ಅದರ ಅತಿ ಕಡಿಮೆ ಸ್ಪೀಡೇ ನಿಮಿಷಕ್ಕೆ 800 ಸುತ್ತಿನ (ಆರ್‌ಪಿಎಂ) ಮೇಲೆ. ಬಟ್ಟಲು ಕಡೆಯೋರು ಒಂದು ಲೆಕ್ಕ ಇಟ್ಕೊಳ್ತಾರೆ, ಮರದ ಅಗಲ ಇಂಚಲ್ಲಿ ಎಷ್ಟೋ ಅದನ್ನ ಆರ್‌ಪಿಎಂ ಜೊತೆ ಗುಣಿಸಿದ್ರೆ 6000ದಿಂದ 9000ದ ಒಳಗೆ ಬರ್ಬೇಕು ಅಂತ. 10 ಇಂಚಿನ ತುಂಡಿಗೆ 600ರಿಂದ 900 ಆಯ್ತು, ಅದೂ ಉರುಟು ಮಾಡಿದ್ಮೇಲೆ. ಗರಗಸದಿಂದ ಕೊಯ್ದ, ಒಂದು ಕಡೆ ಭಾರ ಇರೋ ಹಸಿ ಹಲಸಿನ ತುಂಡನ್ನ 800ರಲ್ಲಿ ಶುರು ಮಾಡೋದು ಅಪಾಯ, ಒಂದ್ಸಲ ಟೇಬಲ್ ಸಮೇತ ಒಂದು ಗೇಣು ಪಕ್ಕಕ್ಕೆ ಸರೀತು, ಅವತ್ತೇ ಅದರಲ್ಲಿ ಬಟ್ಟಲು ಮಾಡೋದು ನಿಲ್ಲಿಸ್ದೆ. ಪೈಪ್ ಬೆಡ್ ಬಾಗುತ್ತೆ, ಉಳಿ ಒತ್ತಿದ್ರೆ ಅದನ್ನ ಆನಿಸೋ ಟೂಲ್ ರೆಸ್ಟ್ ಜಾರುತ್ತೆ. ಅಷ್ಟೇ.

ಅದರಿಂದ ನಾನು ಕಲಿತಿದ್ದು ಭಾರ ಬೇಕು ಅಂತ. ಹಾಗಾಗಿ ಭಾರಕ್ಕೆ ಮರುಳಾಗಿ ಫ್ಯಾಬ್ರಿಕೇಷನ್ ಲೇತ್ ಮಾಡಿಸ್ದೆ, 32 ಸಾವಿರಕ್ಕೆ. ಚಾನಲ್ ಬೆಡ್ಡು, ನಾಲ್ಕಡಿ ಉದ್ದ, ಒಂದು ಎಚ್‌ಪಿ ಸಿಂಗಲ್ ಫೇಸ್ ಮೋಟರು 1440 ಆರ್‌ಪಿಎಂದು, ಮೆಟ್ಟಿಲು ಮೆಟ್ಟಿಲಾಗಿ ಅಗಲ ಬದಲಾಗೋ ಸ್ಟೆಪ್ ಪುಲ್ಲಿ, ಮೋಟರಲ್ಲಿ 2 ಇಂಚು ಸ್ಪಿಂಡಲಲ್ಲಿ (ಮರ ಹಿಡಿದು ತಿರುಗಿಸೋ ದಂಡ) 5 ಇಂಚಿಗೆ ಬೆಲ್ಟ್ ಹಾಕಿದ್ರೆ 576 ಸ್ಪೀಡು. ಇಬ್ರು ಸೇರಿದ್ರೂ ಎತ್ತೋಕಾಗಲ್ಲ. ಆನ್ ಮಾಡಿದ್ರೆ ಹಿಟ್ಟಿನ ಗಿರಣಿ ಥರ ನೆಮ್ಮದಿಯಾಗಿ ತಿರುಗೋದು, ಒಂದು ತಿಂಗಳು ಸ್ಟೂಲ್ ಕಾಲು, ಮಂಚದ ಕಾಲು ಕಡೆದೆ, ಎಲ್ಲಾ ಚೆನ್ನಾಗಿ ಬಂತು.

ತೊಂದ್ರೆ ಶುರುವಾಗಿದ್ದು ಚಕ್ ತಂದ ದಿನ. ಬಟ್ಟಲಿನ ಹೊರಭಾಗ ಕಡೆದ್ಮೇಲೆ ಅದನ್ನ ತಿರುಗಿಸಿ ಬುಡವನ್ನ ಹಿಡಿಸಿ ಒಳಗೆ ತೋಡ್ಬೇಕಲ್ಲ, ಅದಕ್ಕೆ ನಾಲ್ಕು ದವಡೆ ಚಕ್ ಬೇಕು. ಒಂಬತ್ತೂವರೆ ಸಾವಿರ ಕೊಟ್ಟು ತರಿಸ್ದೆ. ಅದರ ಹಿಂದಿನ ಥ್ರೆಡ್ 1 ಇಂಚು, ಇಂಚಿಗೆ 8 ಥ್ರೆಡ್. ನನ್ನ ಸ್ಪಿಂಡಲ್ ಮೂತಿ ನೋಡಿದ್ರೆ 30 ಎಂಎಂ, ಥ್ರೆಡ್ಡಿಂದ ಥ್ರೆಡ್ಡಿಗೆ 2 ಎಂಎಂ (ಪಿಚ್ಚು). ಮಾಮೂಲಿ ಮರದ ಲೇತಿಗೆ ಬಾರದ ಅಳತೆ, ಶಾಪಿನವರ ಕೈಗೆ ಯಾವ ಸೆಟ್ಟಿಂಗ್ ಸಿಕ್ತೋ ಅದರಲ್ಲಿ ಹಾಕಿದ್ದಾರೆ. ಹೋಗಿ ಕೇಳಿದ್ದಕ್ಕೆ "ಫೇಸ್ ಪ್ಲೇಟ್ ಸರಿಯಾಗಿ ಕೂತ್ಕೊಳ್ಳುತ್ತಲ್ಲ ಸಾರ್, ಅದನ್ನೂ ನಾವೇ ಮಾಡಿದ್ದು" ಅಂದ್ರು. ಹೌದು, ಕೂತ್ಕೊಳ್ಳುತ್ತೆ, ಆದ್ರೆ ಪ್ರಪಂಚದಲ್ಲಿ ಆ ಫೇಸ್ ಪ್ಲೇಟ್ (ಮರಕ್ಕೆ ಸ್ಕ್ರೂ ಹೊಡೆದು ಹಿಡಿಸೋ ತಟ್ಟೆ) ಒಂದೇ ಕೂತ್ಕೊಳ್ಳೋದು.

ಸರಿ, ಬಿಎಂ ರೋಡ್ ಕಡೆ ಇನ್ನೊಬ್ರು ಟರ್ನರ್ ಹತ್ರ ಅಡಾಪ್ಟರ್ ಮಾಡಿಸ್ದೆ, ಒಳಗೆ 30 ಎಂಎಂ ಥ್ರೆಡ್, ಹೊರಗೆ 1 ಇಂಚಿಂದು, 1200 ರೂಪಾಯಿ. ಹಾಕಿ ತಿರುಗಿಸಿದ್ರೆ ಚಕ್ ಕುಣೀತಿದೆ. ಅವರು ಒಳ್ಳೇ ಕೆಲಸಗಾರರು, ಓರೆ ಅಳೆಯೋ ಡಯಲ್ ಗೇಜ್ ತಗೊಂಡು ಮನೆಗೇ ಬಂದು ನೋಡಿದ್ರು, ಅಡಾಪ್ಟರಲ್ಲಿ ತಪ್ಪಿಲ್ಲ, ಸ್ಪಿಂಡಲ್ಲಿನ ಭುಜದಲ್ಲೇ ಔಟ್, ಅಂದ್ರೆ ಓರೆ, ಇದೆ ಅಂದ್ರು. ಇದು ನಂಗೆ ಅಲ್ಲಿವರೆಗೂ ಗೊತ್ತಿರ್ಲಿಲ್ಲ ಕಣ್ರೀ, ಚಕ್ಕನ್ನ ನೇರ ನಿಲ್ಲಿಸೋದು ಥ್ರೆಡ್ ಅಲ್ಲ, ಥ್ರೆಡ್ ಬರೀ ಎಳೆದು ಹಿಡಿಯುತ್ತೆ, ನೇರ ನಿಲ್ಲಿಸೋದು ಥ್ರೆಡ್ ಹಿಂದೆ ಇರೋ ಭುಜ, ಅದು ಸ್ಪಿಂಡಲ್ಲಿಗೆ ಸರಿಯಾಗಿ ಮೂಲೆಮಟ್ಟಕ್ಕೆ ಇರ್ಬೇಕು, ಥ್ರೆಡ್ ಮುಗಿಯೋ ಜಾಗದಲ್ಲಿ ಸುತ್ತ ಒಂದು ಗಾಡಿ (ಸಣ್ಣ ಕಾಲುವೆ ಥರ) ತೋಡಿರ್ಬೇಕು, ಇಲ್ದಿದ್ರೆ ಚಕ್ ಭುಜಕ್ಕೆ ತಾಗೋ ಮುಂಚೆ ಕೊನೇ ಥ್ರೆಡ್ಡಲ್ಲೇ ಸಿಕ್ಕಿ ನಿಲ್ಲುತ್ತೆ. ನಂದರಲ್ಲಿ ಆ ಗಾಡೀನೂ ಇರ್ಲಿಲ್ಲ. ಪ್ರತಿ ಸಲ ಬಿಚ್ಚಿ ಹಾಕಿದಾಗ ಬೇರೆ ಬೇರೆ ಥರ ಕೂರೋದು.

ಕೂದಲೆಳೆಯಷ್ಟು ಓರೆ ಏನು ಮಹಾ ಅನ್ಸುತ್ತೆ, ಆದ್ರೆ ಮೂತಿ ಹತ್ರ ಇರೋ ಓರೆ 5 ಇಂಚು ಆಚೆ ಬಟ್ಟಲಿನ ಅಂಚಿಗೆ ಬರೋ ಹೊತ್ತಿಗೆ ಕಣ್ಣಿಗೆ ಕಾಣುವಷ್ಟು ಆಗಿರುತ್ತೆ. ಹೊರಗೆ ನೀಟಾಗಿ ಕಡೆದಿದ್ದ ಹಲಸಿನ ಬಟ್ಟಲನ್ನ ತಿರುಗಿಸಿ ಒಳಗೆ ತೋಡ್ತಾ ತೋಡ್ತಾ ಒಂದು ಕಡೆ ಗೋಡೆ ದಪ್ಪ, ಇನ್ನೊಂದು ಕಡೆ ಹಪ್ಪಳ, ಕೊನೆಗೆ ಹಪ್ಪಳದ ಕಡೆ ಬಾಯಿ ಬಿಡ್ತು. ಆ ತುಂಡನ್ನ ಹಸಿಯಲ್ಲಿ ಗೋಡೆ ಒಂದು ಇಂಚು ಬಿಟ್ಟು ಉರುಟು ಮಾಡಿ, ಪೇಪರ್ ಸುತ್ತಿ, ಒಂದು ಮಳೆಗಾಲ ಪೂರ್ತಿ ಅಟ್ಟದಲ್ಲಿ ಇಟ್ಟಿದ್ದೆ, ನಮ್ಮ ಕಡೆ ಜೂನಿಂದ ಗಾಳೀನೇ ಒದ್ದೆ ಇರುತ್ತಲ್ಲ, ಬೂಷ್ಟು ಬರ್ದಿರ್ಲಿ ಅಂತ ವಾರವಾರ ಒರೆಸಿ ತಿರುಗಿಸಿ ಇಟ್ಟಿದ್ದು. ಅದು ಒಡೆದಾಗ ಹೊಟ್ಟೆ ಉರೀತು. ಇನ್ನೊಂದು, ಅಡಾಪ್ಟರ್ ಹಾಕಿದ್ಮೇಲೆ ಚಕ್ ಬೇರಿಂಗಿಂದ ಎರಡು ಇಂಚು ಮುಂದಕ್ಕೆ ಹೋಗುತ್ತೆ, ಆ ಎರಡು ಇಂಚಿಗೆ ಉಳಿ ಕೆಳಗೆ ಮರ ನಡುಗೋಕೆ ಶುರು, ಮೇಲ್ಮೈ ಪೂರ್ತಿ ಅಲೆ ಅಲೆ. ಸ್ಪಿಂಡಲ್ಲೇ ಹೊಸದು ಮಾಡಿಸ್ಬೇಕು, ಬೇರಿಂಗ್ ಸಮೇತ ಏಳು ಸಾವಿರ ಅಂತ ಲೆಕ್ಕ ಬಂತು. ಅದರಲ್ಲಿ ಮೋರ್ಸ್ ಟೇಪರ್ ತೂತೂ (ಮುಳ್ಳು, ಡ್ರಿಲ್ ಚಕ್ ಸಿಕ್ಕಿಸೋ, ಒಳಗೆ ಹೋಗ್ತಾ ಕಿರಿದಾಗೋ ತೂತು) ಇರ್ಲಿಲ್ಲ, ಮರಕ್ಕೆ ಚುಚ್ಚಿ ಹಿಡಿಯೋ ಮುಂದಿನ ಮುಳ್ಳನ್ನ ವೆಲ್ಡ್ ಮಾಡಿಬಿಟ್ಟಿದ್ರು. ಸಾಕು ಅನ್ಸಿ ಮಾರಿಬಿಟ್ಟೆ, 21 ಸಾವಿರಕ್ಕೆ, ಎಲ್ಲಾ ವಿಷಯ ಹೇಳಿಯೇ ಕೊಟ್ಟಿದ್ದು. ತಗೊಂಡೋರು ಮಂಚದ ಕಾಲು, ಮೆಟ್ಟಿಲ ಕಟಕಟೆ ಕಂಬ ಮಾತ್ರ ಮಾಡೋರು, ಅವರಿಗೆ ಚಕ್ಕೇ ಬೇಡ, ಎರಡು ಮುಳ್ಳಿನ ಮಧ್ಯೆ ಹಿಡಿದ್ರೆ ಆಯ್ತು. ಅವರ ಕೆಲಸಕ್ಕೆ ಅದು ನಿಜಕ್ಕೂ ಒಳ್ಳೇ ಮೆಷಿನ್ನು.

ಆ ಬೇಜಾರಲ್ಲೇ ಇದ್ದಾಗ ನೆಂಟರನ್ನ ಕರ್ಕೊಂಡು ಬೇಲೂರಿಗೆ ಹೋಗಿದ್ದೆ. ಚಿಕ್ಕಂದಿನಿಂದ ಎಷ್ಟು ಸಲ ನೋಡಿದ್ದೀನೋ, ಅವತ್ತು ಮಾತ್ರ ಶಿಲಾಬಾಲಿಕೆ ಬಿಟ್ಟು ನವರಂಗದ ಕಡೆದ ಕಂಬಗಳ ಮುಂದೆನೇ ನಿಂತ್ಬಿಟ್ಟೆ. 1117ರ ಗುಡಿ, ಬಳಪದ ಕಲ್ಲು, ಆ ಭಾರದ ಕಲ್ಲನ್ನ ತಿರುಗಿಸಿ ಬಳೆ ಜೋಡಿಸಿದ ಹಾಗೆ ಉಂಗುರ ಉಂಗುರವಾಗಿ ಕಡೆದಿದ್ದಾರೆ, ಒಂದು ಕಡೆ ದಪ್ಪ ಒಂದು ಕಡೆ ತೆಳು ಅನ್ನೋದು ಕಣ್ಣಿಗೆ ಸಿಗಲ್ಲ. ಅಷ್ಟು ಭಾರಾನ ಔಟ್ ಇಲ್ದೆ ಹಿಡಿದು ತಿರುಗಿಸಿದ್ದು ಹೇಗೆ ಅಂತ ಇಡೀ ದಾರಿ ಅದೇ ಯೋಚನೆ.

ಈಗ ಇರೋ ಕಾಸ್ಟ್ ಐರನ್ ಲೇತಿಗೆ 58 ಸಾವಿರ ಕೊಟ್ಟೆ. 12 ಇಂಚು ಅಗಲ ತಿರುಗುತ್ತೆ, 18 ಇಂಚು ಉದ್ದ ಹಿಡಿಯುತ್ತೆ. ಸ್ಪಿಂಡಲ್ ಥ್ರೆಡ್ 1 ಇಂಚು 8, ಮನೇಲಿದ್ದ ಚಕ್ ಮೊದಲ ದಿನಾನೇ ಭುಜಕ್ಕೆ ಟಕ್ ಅಂತ ಕೂತ್ಕೊಂಡ್ತು. ಎರಡೂ ಕಡೆ ಮೋರ್ಸ್ ಟೇಪರ್ 2ನೇ ನಂಬರು, ಇದು ಕಬ್ಬಿಣದ ಕೆಲಸದವರೂ ಬಳಸೋ ಅಳತೆ ಆಗಿರೋದ್ರಿಂದ ರಿವಾಲ್ವಿಂಗ್ ಸೆಂಟರ್ (ಮರದ ಜೊತೆ ತಿರುಗೋ ಮುಳ್ಳು), ಡ್ರಿಲ್ ಚಕ್ ಎಲ್ಲಾ ಹಾಸನದ ಟೂಲ್ಸ್ ಅಂಗಡೀಲೇ ಸಿಕ್ತು, ಕೊರಿಯರ್ ಕಾಯೋ ಗೋಳಿಲ್ಲ. ಸ್ಪೀಡು ಬೆಲ್ಟನ್ನ ನಿಧಾನದ ಪುಲ್ಲಿಗೆ ಹಾಕಿದ್ರೆ 250ರ ಆಸುಪಾಸಿಂದ ಶುರು, ಓರೆಕೋರೆ ತುಂಡನ್ನ ನಿಧಾನಕ್ಕೆ ಪಳಗಿಸ್ಬೋದು. ನಾಬ್ ತಿರುಗಿಸಿ ಸ್ಪೀಡ್ ಇಳಿಸ್ಬೋದು ಅಂತ ಬೆಲ್ಟ್ ಬದಲಾಯಿಸ್ದೆ ಇರ್ಬೇಡಿ, ಬೆಲ್ಟ್ ಜೋರು ಸ್ಪೀಡಿನ ಪುಲ್ಲಿಯಲ್ಲೇ ಇದ್ದು ನಾಬ್ ಇಳಿಸಿದ್ರೆ ಬಲ ಇರಲ್ಲ, ಉಳಿ ತಾಗಿಸಿದ ಕೂಡ್ಲೆ ನಿಲ್ಲುತ್ತೆ.

ಕೊರತೆ ಇಲ್ವಾ ಅಂದ್ರೆ ಇದೆ. ಮಂಚದ ಕಾಲು ಇದರಲ್ಲಿ ಹಿಡಿಯಲ್ಲ. ಸುಮಾರು 40 ಕೆಜಿ ಅಷ್ಟೇ, ಹಾಗಾಗಿ ಹಳೇ ಮನೆ ಕೆಡವಿದಾಗ ಸಿಕ್ಕ ತೊಲೆಗಳಲ್ಲಿ ಬೆಂಚ್ ಮಾಡಿ ಕೆಳಗಿನ ಹಲಗೆ ಮೇಲೆ ಮರಳಿನ ಚೀಲ ಹೇರಿದ್ದೀನಿ. ಸ್ಪೀಡ್ ಕಂಟ್ರೋಲ್ ಬೋರ್ಡು ವೋಲ್ಟೇಜ್ ಬಿದ್ರೆ ಮುನಿಸ್ಕೊಳ್ಳುತ್ತೆ, ಸ್ಟೆಬಿಲೈಸರ್ ಹಾಕಿದ್ದೀನಿ. ತೋಟದ ಲೈನಲ್ಲಿ ಇರೋರು ಇದನ್ನ ಗಟ್ಟಿಯಾಗಿ ಯೋಚನೆ ಮಾಡಿ, ಆ ಒಂದು ವಿಷಯದಲ್ಲಿ ಸಾದಾ ಮೋಟರು, ಪುಲ್ಲಿ ಇರೋದೇ ಮೇಲು, ಕೆಟ್ರೂ ಪಂಪ್ ಸೆಟ್ ರಿಪೇರಿಯವರೇ ಸರಿ ಮಾಡ್ತಾರೆ.

ಬಟ್ಟಲು ಮಾಡೋ ಯೋಚನೆ ಇಲ್ಲ, ಚನ್ನಪಟ್ಟಣದ ಥರ ಅರಗು ಹಚ್ಚಿ ಸಣ್ಣ ಆಟಿಕೆ ಮಾಡ್ತೀನಿ ಅನ್ನೋರಿಗೆ ಭಾವನ ಥರದ ಹಗುರ ಲೇತೇ ಸಾಕು. ಅಲ್ಲಿ ಬಳಸೋ ಆಲೆ ಮರ ಮೆತ್ತಗಿನದು, ತಿರುಗೋ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಆ ಉಜ್ಜಾಟದ ಬಿಸಿಗೆ ಬಣ್ಣ ಕರಗಿ ಹತ್ತೋದು, ಅದಕ್ಕೆ ಜೋರು ಸ್ಪೀಡೇ ಬೇಕು.

ಬಜೆಟ್ ಲೆಕ್ಕ ಹಾಕೋವಾಗ ಲೇತ್ ಬೆಲೆ ಒಂದೇ ನೋಡ್ಬೇಡಿ. ಚಕ್ಕು, ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್ ಅನ್ನೋ ಗಟ್ಟಿ ಉಕ್ಕಿನ) ಉಳಿ ಮೂರ್ನಾಲ್ಕು, ಸಾಣೆ ಕಲ್ಲು, ಮುಖಕ್ಕೆ ಪೂರ್ತಿ ಮುಚ್ಚೋ ಶೀಲ್ಡು, ಇಷ್ಟಕ್ಕೆ ನಂಗೆ ಇನ್ನೂ 25 ಸಾವಿರ ಹೋಯ್ತು. ಶೀಲ್ಡ್ ಇಲ್ದೆ ಒಂದು ದಿನಾನೂ ಮೆಷಿನ್ ಆನ್ ಮಾಡ್ಬೇಡಿ.

ಯಾವ ಲೇತ್ ನೋಡೋಕೆ ಹೋದ್ರೂ, ಹೊಸದಾಗ್ಲಿ ಹಳೇದಾಗ್ಲಿ, ಚೀಲದಲ್ಲಿ ಒಂದು ಚಕ್ ತಗೊಂಡು ಹೋಗಿ. ಕೈಯಲ್ಲೇ ತಿರುಗಿಸಿ ಹಾಕಿ, ಭುಜಕ್ಕೆ ತಾಗಿದ್ಮೇಲೆ ಮಧ್ಯೆ ಸಿಗರೇಟ್ ಪೇಪರ್ ಕೂಡ ತೂರಬಾರ್ದು, ಬಿಚ್ಚಿ ಇನ್ನೊಂದ್ಸಲ ಹಾಕಿದ್ರೂ ಅಷ್ಟೇ. ಟೇಲ್‌ಸ್ಟಾಕ್ (ಮರದ ಇನ್ನೊಂದು ತುದಿ ಹಿಡಿಯೋ ಭಾಗ) ಮುಂದಕ್ಕೆ ತಳ್ಳಿ ಎರಡು ಮುಳ್ಳಿನ ತುದಿ ಎದುರುಬದುರು ಬರುತ್ತಾ ನೋಡಿ. ಆಮೇಲೆ ಅಡ್ವಾನ್ಸ್ ಕೊಡಿ. ಹಾಸನದಲ್ಲಿ ಇರೋರಿಗೆ ಚಕ್ ಇಲ್ಲ ಅಂದ್ರೆ ನನ್ನದನ್ನೇ ಒಂದಿನಕ್ಕೆ ಒಯ್ದು ನೋಡ್ಕೊಂಡು ವಾಪಸ್ ತಂದುಕೊಡಿ, ಭಾನುವಾರ ಒಂದು ಬಿಟ್ಟು.